ಹೃದ್ರೋಗ ವಿಭಾಗದಲ್ಲಿ ಕೆಲಸ ಮಾಡಲು ಯಾವ ಎನ್‌ಪಿ ಓದಬೇಕು?

ಪ್ರಶ್ನೆ: ಮೇಡಂ, ನಮ್ಮೂರು ದಾವಣಗೆರೆ. ಬೆಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ, ಇಲ್ಲಿನ ನರ್ಸ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಬರೆದು ಟೆಕ್ಸಸ್‌ಗೆ ಬಂದು ಏಳು ವರ್ಷ ಆಯ್ತು. ಆರು ವರ್ಷದಿಂದ ಕಾರ್ಡಿಯಾಕ್ ಐಸಿಯುನಲ್ಲಿ ನೈಟ್ ಶಿಫ್ಟ್. ಈಗ ನರ್ಸ್ ಪ್ರಾಕ್ಟಿಷನರ್ (ಎನ್‌ಪಿ, ಅಂದರೆ ಕಾಯಿಲೆ ಪತ್ತೆ ಮಾಡಿ ಔಷಧಿ ಬರೆಯುವ ನರ್ಸ್) ಓದಬೇಕು ಅಂತಿದ್ದೇನೆ. ಜೊತೆಯಲ್ಲಿ ಕೆಲಸ ಮಾಡುವವರೆಲ್ಲ ‘ಎಫ್‌ಎನ್‌ಪಿ (ಫ್ಯಾಮಿಲಿ ನರ್ಸ್ ಪ್ರಾಕ್ಟಿಷನರ್) ಮಾಡು, ಅದರಲ್ಲಿ ಎಲ್ಲಾ ಬರುತ್ತೆ, ಆಮೇಲೆ ಕಾರ್ಡಿಯಾಲಜಿಗೆ ಹೋಗು’ ಅಂತಾರೆ. ನಮ್ಮನೆಯವರೂ ಅದನ್ನೇ ಹೇಳ್ತಾರೆ, ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ಓದಬಹುದಲ್ಲ ಅಂತ. ಒಬ್ಬ ಗೆಳತಿ ಮಾತ್ರ ‘ಅಕ್ಯೂಟ್ ಕೇರ್ (ತೀವ್ರ ಸ್ಥಿತಿಯವರ ಆರೈಕೆ) ಓದದೆ ಐಸಿಯುಗೆ ಕಾಲಿಡೋ ಹಾಗಿಲ್ಲ’ ಅಂದಳು. ಯಾರ ಮಾತು ಸರಿ? ಇನ್ನೊಂದು ವಿಷಯ. ನನ್ನ ತಂಗಿ ಬೆಂಗಳೂರಿನಲ್ಲಿ ಎಂಎಸ್ಸಿ ನರ್ಸಿಂಗ್ ಮಾಡುತ್ತಿದ್ದಾಳೆ. ಅವಳ ಎಂಎಸ್ಸಿ ಇಲ್ಲಿ ಎನ್‌ಪಿಗೆ ಆಗುತ್ತಾ?

ಉತ್ತರ: ಮೊದಲು ನಾನೇ ನಿಮಗೆ ಒಂದು ಪ್ರಶ್ನೆ ಕೇಳುತ್ತೇನೆ. ಇನ್ನು ಐದು ವರ್ಷಕ್ಕೆ ನಿಮ್ಮ ಎದುರು ಇರುವ ಪೇಷೆಂಟ್ ಯಾರು? ವೆಂಟಿಲೇಟರ್ ಹಾಕಿಸಿಕೊಂಡು ಮಲಗಿರುವವರಾ? ಇಲ್ಲಾ, ಮಗಳ ಜೊತೆ ಕ್ಲಿನಿಕ್ಕಿಗೆ ನಡೆದು ಬಂದು, ಕವರಿನಲ್ಲಿದ್ದ ಮಾತ್ರೆ ಡಬ್ಬಿಗಳನ್ನು ಟೇಬಲ್ ಮೇಲೆ ಸುರಿಯುವವರಾ? ಇಬ್ಬರಿಗೂ ಇರುವುದು ಹೃದಯದ ಕಾಯಿಲೆಯೇ. ಇಬ್ಬರನ್ನೂ ನೋಡುವುದು ಕಾರ್ಡಿಯಾಲಜಿಯವರೇ. ಆದರೆ ಅವರನ್ನು ನೋಡಲು ಎನ್‌ಪಿಗೆ ಬೇಕಾದ ಓದು ಬೇರೆ ಬೇರೆ. ನಿಮ್ಮ ಜೊತೆಯವರು ‘ಕಾರ್ಡಿಯಾಲಜಿ’ ಅಂದಾಗ ಅವರ ಕಣ್ಣ ಮುಂದೆ ಇರುವುದು ಒಬ್ಬ ಪೇಷೆಂಟ್, ನಿಮ್ಮ ಗೆಳತಿಯ ಕಣ್ಣ ಮುಂದೆ ಇರುವುದು ಇನ್ನೊಬ್ಬರು. ಅದಕ್ಕೇ ಮಾತು ಹೊಂದುತ್ತಿಲ್ಲ.

ನಿಮ್ಮ ಎನ್‌ಪಿ ಲೈಸೆನ್ಸ್ ಮೇಲೆ ಕಾರ್ಡಿಯಾಲಜಿ ಅಂತ ಬರುವುದೇ ಇಲ್ಲ. ಕಿಡ್ನಿ, ಕ್ಯಾನ್ಸರ್, ಚರ್ಮ ಅಂತಲೂ ಬರುವುದಿಲ್ಲ. ಟೆಕ್ಸಸ್ ಲೈಸೆನ್ಸ್‌ನಲ್ಲಿ ಬರುವುದು ಎರಡು: ನೀವು ಯಾವ ಬಗೆಯ ನರ್ಸ್, ಯಾವ ಗುಂಪಿನ ಪೇಷೆಂಟ್‌ಗಳನ್ನು ನೋಡಲು ಕಲಿತವರು. ಇದು 2008ರಲ್ಲಿ ಅಮೆರಿಕದ ನರ್ಸಿಂಗ್ ಸಂಸ್ಥೆಗಳು, ಲೈಸೆನ್ಸ್ ಕೊಡುವ ಬೋರ್ಡ್‌ಗಳು, ಪರೀಕ್ಷೆ ನಡೆಸುವವರು ಸೇರಿ ಒಪ್ಪಿದ ಕನ್ಸೆನ್ಸಸ್ ಮಾಡೆಲ್‌ನ ಲೆಕ್ಕ. ಅದರ ಪ್ರಕಾರ ನಾಲ್ಕು ಬಗೆ ಇವೆ. ನರ್ಸ್ ಪ್ರಾಕ್ಟಿಷನರ್, ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್, ಅರಿವಳಿಕೆ ಕೊಡುವ ನರ್ಸ್, ಹೆರಿಗೆ ನೋಡಿಕೊಳ್ಳುವ ನರ್ಸ್ ಮಿಡ್‌ವೈಫ್. ಪೇಷೆಂಟ್‌ಗಳಲ್ಲಿ ಆರು ಗುಂಪು. ಎಲ್ಲಾ ವಯಸ್ಸಿನವರೂ ಸೇರುವ ಫ್ಯಾಮಿಲಿ, ದೊಡ್ಡವರು ಮತ್ತು ವಯಸ್ಸಾದವರು ಸೇರುವ ಅಡಲ್ಟ್-ಜೆರಂಟಾಲಜಿ, ಮಕ್ಕಳು, ನವಜಾತ ಶಿಶುಗಳು, ಹೆಣ್ಣುಮಕ್ಕಳ ಆರೋಗ್ಯ, ಮಾನಸಿಕ ಆರೋಗ್ಯ.

ಇದರಲ್ಲಿ ದೊಡ್ಡವರ ಗುಂಪು, ಮಕ್ಕಳ ಗುಂಪು ಎರಡಕ್ಕೂ ಎನ್‌ಪಿಗಳಿಗೆ ಇನ್ನೊಂದು ಕವಲು ಇದೆ. ಒಂದು ಪ್ರೈಮರಿ ಕೇರ್, ಅಂದರೆ ಸ್ಥಿರವಾಗಿರುವವರ ದಿನನಿತ್ಯದ ಆರೈಕೆ. ಇನ್ನೊಂದು ಅಕ್ಯೂಟ್ ಕೇರ್. ನಿಮ್ಮ ತಲೆನೋವು ಇರುವುದು ಈ ಕವಲಿನಲ್ಲೇ. ಎಫ್‌ಎನ್‌ಪಿ ಅನ್ನುವುದು ವಯಸ್ಸಿನಲ್ಲಿ ತುಂಬಾ ಅಗಲ. ಹಸುಗೂಸಿನಿಂದ ತೊಂಬತ್ತರ ಅಜ್ಜಿಯವರೆಗೆ. ಆದರೆ ಕಾಯಿಲೆಯ ತೀವ್ರತೆಯಲ್ಲಿ ಅದು ಪ್ರೈಮರಿ ಕೇರ್ ಓದು. ‘ಎಲ್ಲಾ ಬರುತ್ತೆ’ ಅನ್ನುವಾಗ ನಿಮ್ಮ ಸ್ನೇಹಿತರು ವಯಸ್ಸಿನ ಅಗಲವನ್ನು ನೋಡುತ್ತಿದ್ದಾರೆ, ಈ ಆಳವನ್ನು ನೋಡುತ್ತಿಲ್ಲ.

ಈ ಹುದ್ದೆ ಹುಟ್ಟಿದ್ದೇ ಕ್ಲಿನಿಕ್ ಕೆಲಸಕ್ಕೆ. 1965ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್, ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ್ ಸೇರಿ ಮೊದಲ ಎನ್‌ಪಿ ಕೋರ್ಸ್ ಶುರು ಮಾಡಿದರು. ಡಾಕ್ಟರ್ ಸುಲಭಕ್ಕೆ ಸಿಗದ ಕಡೆ ಮಕ್ಕಳನ್ನು ನರ್ಸ್‌ಗಳೇ ನೋಡಿಕೊಳ್ಳಲಿ ಅನ್ನುವುದು ಅವರ ಲೆಕ್ಕಾಚಾರ. ಆಸ್ಪತ್ರೆಯ ವಾರ್ಡ್‌ಗೆ, ಐಸಿಯುಗೆ ಎನ್‌ಪಿಗಳು ಬಂದದ್ದು ಆಮೇಲೆ. ಅವರಿಗೆ ಬೇರೆ ಪಠ್ಯ, ಬೇರೆ ಪರೀಕ್ಷೆ ಬಂದದ್ದು ಇನ್ನೂ ಆಮೇಲೆ. ಫೋರ್ಡ್ ಅವರು 2025ರ ಜನವರಿಯಲ್ಲಿ, 104ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂದರೆ ಈ ಇಡೀ ಹುದ್ದೆ ಒಬ್ಬರ ಜೀವಮಾನದೊಳಗೆ ಹುಟ್ಟಿ ಬೆಳೆದದ್ದು. ನಿಯಮಗಳು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ ಇರುವುದರಲ್ಲಿ ಆಶ್ಚರ್ಯ ಇಲ್ಲ.

ಸರಿ, ಒಬ್ಬ ಪೇಷೆಂಟನ್ನು ಇಟ್ಟುಕೊಂಡು ನೋಡೋಣ. 68 ವರ್ಷದ ಯಜಮಾನರು, ಹಾರ್ಟ್ ಫೇಲ್ಯೂರ್ ಇದೆ. ಮಂಗಳವಾರ ಕ್ಲಿನಿಕ್ಕಿಗೆ ಬಂದಿದ್ದಾರೆ. ಮೂರು ದಿನದಲ್ಲಿ ತೂಕ ಎರಡು ಕೆಜಿ ಏರಿದೆ. ಚಪ್ಪಲಿ ಬಿಗಿಯಾಗಿದೆ, ಕಾಲಿನ ಮೇಲೆ ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತದೆ. ಮಾತಾಡುವಾಗ ಏದುಸಿರು ಇಲ್ಲ, ಬಿಪಿ ಚೆನ್ನಾಗಿದೆ. ನೀವು ನೀರಿನ ಮಾತ್ರೆ ಜಾಸ್ತಿ ಮಾಡುತ್ತೀರಿ, ಪೊಟ್ಯಾಸಿಯಂ ನೋಡಲು ರಕ್ತ ಕಳಿಸುತ್ತೀರಿ. ‘ಊಟಕ್ಕೆ ಏನು ನೆಂಚಿಕೊಳ್ತೀರಾ’ ಅಂತ ಕೇಳಿದರೆ ಹಪ್ಪಳ, ಉಪ್ಪಿನಕಾಯಿ ಹೊರಗೆ ಬರುತ್ತದೆ. ಅದಕ್ಕೊಂದು ಮಾತು ಹೇಳಿ ಶುಕ್ರವಾರ ಮತ್ತೆ ಬನ್ನಿ ಅನ್ನುತ್ತೀರಿ. ಈ ಕೆಲಸವನ್ನು ಎಫ್‌ಎನ್‌ಪಿ ಮಾಡಬಹುದು. ದೊಡ್ಡವರ ಪ್ರೈಮರಿ ಕೇರ್ ಎನ್‌ಪಿ ಮಾಡಬಹುದು. ಕಾರ್ಡಿಯಾಲಜಿ ಗ್ರೂಪ್‌ನಲ್ಲಿ ಇದ್ದುಕೊಂಡೇ, ಚೆನ್ನಾಗಿ ಕಲಿತುಕೊಂಡು, ಮಾಡಬಹುದು.

ಗುರುವಾರ ರಾತ್ರಿ ಎರಡು ಗಂಟೆ. ಅದೇ ಯಜಮಾನರು ನಿಮ್ಮ ಐಸಿಯುನ ಬೆಡ್‌ನಲ್ಲಿದ್ದಾರೆ. ಗಾಳಿ ಒತ್ತಿ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಮಾಸ್ಕ್ ಹಾಕಿದ್ದರೂ ಉಸಿರಿಗೆ ಒದ್ದಾಡುತ್ತಿದ್ದಾರೆ. ಹೃದಯಕ್ಕೆ ಬಲ ಕೊಡುವ ಡೊಬ್ಯುಟಮಿನ್ ಡ್ರಿಪ್ ಹರಿಯುತ್ತಿದೆ, ಆದರೂ ಮ್ಯಾಪ್ (ಸರಾಸರಿ ರಕ್ತದೊತ್ತಡ) 52ಕ್ಕೆ ಇಳಿದಿದೆ. ಕಳೆದ ಗಂಟೆ ಬಂದ ಮೂತ್ರ ಹತ್ತು ಎಂಎಲ್. ಕೈ ಕಾಲು ತಣ್ಣಗೆ. ಬಿಪಿ ಏರಿಸುವ ನಾರ್‌ಎಪಿನೆಫ್ರಿನ್ ಶುರು ಮಾಡಬೇಕಾ, ಉಸಿರಾಟದ ಟ್ಯೂಬ್ ಹಾಕಬೇಕಾ, ಆರ್ಟೀರಿಯಲ್ ಲೈನ್ ಬೇಕಾ, ಬಲೂನ್ ಪಂಪ್ ತಂಡವನ್ನು ಈಗಲೇ ಎಬ್ಬಿಸಬೇಕಾ? ಇದು ಅಕ್ಯೂಟ್ ಕೇರ್ ಎನ್‌ಪಿ ಓದಿದವರ ಕೆಲಸ.

ನೋಡಿ, ಪೇಷೆಂಟ್ ಅವರೇ, ಕಾಯಿಲೆಯೂ ಅದೇ. ಬದಲಾದದ್ದು ಅವರ ಸ್ಥಿತಿ ಎಷ್ಟು ಅಲುಗಾಡುತ್ತಿದೆ ಅನ್ನುವುದು ಮಾತ್ರ. ಗೆರೆ ಎಳೆಯುವುದು ಅಲ್ಲಿ. ಕನ್ಸೆನ್ಸಸ್ ಮಾಡೆಲ್ ಇದನ್ನು ನೇರವಾಗಿಯೇ ಹೇಳುತ್ತದೆ: ಪ್ರೈಮರಿ ಮತ್ತು ಅಕ್ಯೂಟ್ ಅನ್ನುವುದು ಕೆಲಸ ಮಾಡುವ ಜಾಗದ ಮೇಲೆ ಅಲ್ಲ, ಪೇಷೆಂಟ್‌ಗೆ ಏನು ಬೇಕು ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ನಿಮ್ಮ ಗೆಳತಿ ಹೇಳಿದ ‘ಕಾಲಿಡೋ ಹಾಗಿಲ್ಲ’ ಅನ್ನುವುದೂ ಅಕ್ಷರಶಃ ಸರಿಯಲ್ಲ. ಎಫ್‌ಎನ್‌ಪಿಗೆ ಆಸ್ಪತ್ರೆಯ ಬಾಗಿಲು ಮುಚ್ಚಿಲ್ಲ. ಆಪರೇಷನ್‌ಗೆ ಮುಂಚಿನ ಕ್ಲಿನಿಕ್, ಡಿಸ್ಚಾರ್ಜ್ ಆದವರ ಫಾಲೋ-ಅಪ್, ಸ್ಥಿರವಾಗಿರುವವರ ಶುಗರ್ ಬಿಪಿ ನೋಡುವ ಕೆಲಸ, ಹೀಗೆ ಆಸ್ಪತ್ರೆಯ ಕಟ್ಟಡದೊಳಗೇ ಸಾಕಷ್ಟು ಎಫ್‌ಎನ್‌ಪಿಗಳು ಇದ್ದಾರೆ. ಆದರೆ ಗುರುವಾರ ರಾತ್ರಿಯ ಆ ಬೆಡ್ ಪಕ್ಕ ನಿಂತು ಆರ್ಡರ್ ಬರೆಯುವ ವಿಷಯಕ್ಕೆ ಬಂದರೆ ಗೆಳತಿಯ ಮಾತೇ ಸರಿ.

ನೀವು ಕೇಳಬಹುದು: ‘ಆರು ವರ್ಷ ಇದನ್ನೇ ಮಾಡಿದ್ದೀನಲ್ಲ ಮೇಡಂ, ನನಗೆ ಗೊತ್ತಿಲ್ಲದ ಡ್ರಿಪ್ಪಾ?’ ಗೊತ್ತಿದೆ, ಒಪ್ಪುತ್ತೇನೆ. ರಾತ್ರಿ ಡ್ಯೂಟಿಯ ಹೊಸ ರೆಸಿಡೆಂಟ್‌ಗಿಂತ ನಿಮಗೇ ಚೆನ್ನಾಗಿ ಗೊತ್ತಿರಲೂಬಹುದು. ಆದರೆ ಅದು ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಆಗಿ ಪಡೆದ ಅನುಭವ. ಇವತ್ತು ಮ್ಯಾಪ್ ಬಿದ್ದಾಗ ನೀವು ಫೋನ್ ಮಾಡುವವರು. ನಾಳೆ ಆ ಫೋನ್ ಎತ್ತುವವರು ನೀವು. ಬರೆದ ಆರ್ಡರ್‌ನ ಒಳಗೆ ಡ್ರಿಪ್ ಏರಿಸುವುದು ಇಳಿಸುವುದು ಒಂದು, ಇದು ಹೃದಯದ ಶಾಕಾ ಸೋಂಕಿನ ಶಾಕಾ ಅಂತ ತೀರ್ಮಾನಿಸಿ ಆರ್ಡರನ್ನೇ ಬರೆಯುವುದು ಇನ್ನೊಂದು. ಬೋರ್ಡ್‌ನವರು ಎನ್‌ಪಿಯ ವ್ಯಾಪ್ತಿಯನ್ನು ಅಳೆಯುವಾಗ ನೋಡುವುದು ಎನ್‌ಪಿ ಆಗಿ ಎಲ್ಲಿ ಓದಿದಿರಿ, ಯಾವ ಪೇಷೆಂಟ್‌ಗಳ ಜೊತೆ ಕ್ಲಿನಿಕಲ್ ಗಂಟೆ ಮುಗಿಸಿದಿರಿ ಅನ್ನುವುದನ್ನು. ಐಸಿಯುನ ಆರು ವರ್ಷ ನಿಮಗೆ ಸೀಟ್ ಸಿಗಲು ಸಹಾಯ ಮಾಡುತ್ತದೆ, ಕೆಲಸ ಕಲಿಯಲು ಸಹಾಯ ಮಾಡುತ್ತದೆ. ಎಫ್‌ಎನ್‌ಪಿ ಲೈಸೆನ್ಸನ್ನು ಅಕ್ಯೂಟ್ ಕೇರ್ ಲೈಸೆನ್ಸ್ ಮಾಡುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನೇ ಎಫ್‌ಎನ್‌ಪಿ ಮಾಡಿ ಆಸ್ಪತ್ರೆಯೊಂದರಲ್ಲಿ ಅಡ್ಮಿಟ್ ಆದವರನ್ನು ನೋಡಿಕೊಳ್ಳುವ ಹಾಸ್ಪಿಟಲಿಸ್ಟ್ ತಂಡ ಸೇರಿದವಳು. ಸೇರುವಾಗ ಯಾರೂ ಏನೂ ಕೇಳಲಿಲ್ಲ. ಅವರಿಗೆ ಕೈ ಬೇಕಿತ್ತು, ನನಗೆ ಕೆಲಸ ಬೇಕಿತ್ತು. ಶುರುವಿನಲ್ಲಿ ಸುಲಭದ ಪೇಷೆಂಟ್‌ಗಳು. ಒಂದು ವರ್ಷ ಆಗುವಷ್ಟರಲ್ಲಿ ಐಸಿಯುಗಿಂತ ಒಂದು ಮೆಟ್ಟಿಲು ಕೆಳಗಿನ ಸ್ಟೆಪ್‌ಡೌನ್ ವಾರ್ಡ್, ಆಮೇಲೆ ರಾತ್ರಿ ಒಬ್ಬಳೇ ಅಡ್ಮಿಷನ್. ಐದನೇ ವರ್ಷ ಆಸ್ಪತ್ರೆಯವರು ಪ್ರಿವಿಲೆಜ್ ಫಾರಂ, ಅಂದರೆ ಯಾರು ಯಾವ ಕೆಲಸ ಮಾಡಬಹುದು ಅನ್ನುವ ಅನುಮತಿಯ ಫಾರಂ, ಬದಲಾಯಿಸಿದರು. ಆ ಫಾರಂನಲ್ಲಿ ಒಂದೊಂದು ಕೆಲಸದ ಮುಂದೆ ಒಂದೊಂದು ಚೌಕ ಇರುತ್ತದೆ, ಅದಕ್ಕೆ ಆಧಾರವಾದ ಓದು ಮತ್ತು ಸರ್ಟಿಫಿಕೇಷನ್ ಪಕ್ಕದಲ್ಲಿ ಬರೆಯಬೇಕು. ನಾನು ದಿನಾ ಮಾಡುತ್ತಿದ್ದ ಅರ್ಧ ಕೆಲಸಕ್ಕೆ ಪಕ್ಕದಲ್ಲಿ ಬರೆಯಲು ನನ್ನ ಹತ್ತಿರ ಏನೂ ಇರಲಿಲ್ಲ. ಪೆನ್ ಹಿಡಿದು ಸುಮ್ನೆ ಕೂತಿದ್ದೆ. ಯಾವ ಪೇಷೆಂಟ್‌ಗೂ ನನ್ನಿಂದ ತೊಂದರೆ ಆಗಿರಲಿಲ್ಲ, ಅದು ನನ್ನ ಪುಣ್ಯ. ಆದರೆ ಆಗಿದ್ದಿದ್ದರೆ, ಲಾಯರ್ ಮೊದಲು ಕೇಳುತ್ತಿದ್ದದ್ದು ಅದೇ ಖಾಲಿ ಚೌಕದ ಬಗ್ಗೆ. ಆ ವರ್ಷವೇ ಮತ್ತೆ ಕಾಲೇಜಿಗೆ ಸೇರಿ ಅಕ್ಯೂಟ್ ಕೇರ್ ಸರ್ಟಿಫಿಕೇಟ್ ಮಾಡಿದೆ. ಒಂದೇ ಸಲಕ್ಕೆ ಮುಗಿಯುವುದನ್ನು ಎರಡು ಸಲ ದುಡ್ಡು ಕೊಟ್ಟು ಓದಿದ ಹಾಗಾಯಿತು. ಹಾಗಾಗಿ ‘ಕೆಲಸ ಕೊಟ್ಟಿದ್ದಾರಲ್ಲ, ಅಂದರೆ ಸರಿ ಇರಬೇಕು’ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಕೆಲಸ ಕೊಡುವವರು ನಿಮ್ಮ ಲೈಸೆನ್ಸ್ ಕಾಯುವುದಿಲ್ಲ.

ಈಗ ನಿಮ್ಮ ಟೆಕ್ಸಸ್. ಅಲ್ಲಿನ ಬೋರ್ಡ್ ಆಫ್ ನರ್ಸಿಂಗ್ ಈ ವಿಷಯದಲ್ಲಿ ಸ್ವಲ್ಪ ಬಿಗಿ. ನೀವು ಯಾವ ಪೇಷೆಂಟ್ ಗುಂಪಿಗೆ ಓದಿದ್ದೀರೋ ಅದರಾಚೆಗೆ ಹೋಗಬೇಕಾದರೆ ಮತ್ತೆ ಕಾಲೇಜಿನ ಓದೇ ಬೇಕು. ಡಾಕ್ಟರ್ ಪಕ್ಕದಲ್ಲಿ ನಿಂತು ಕಲಿತೆ, ವಾರಾಂತ್ಯದ ವರ್ಕ್‌ಶಾಪ್‌ಗೆ ಹೋದೆ ಅಂದರೆ ಆಗುವುದಿಲ್ಲ. ಇರುವ ವ್ಯಾಪ್ತಿಯ ಒಳಗೆ ಹೊಸದೊಂದು ಪ್ರೊಸೀಜರ್ ಕಲಿಯಲು ವರ್ಕ್‌ಶಾಪ್ ಸರಿ. ವ್ಯಾಪ್ತಿಯನ್ನೇ ದೊಡ್ಡದು ಮಾಡಲು ಅದು ಸಾಲದು.

ಇನ್ನೊಂದು ಸುದ್ದಿ ಯಾರೂ ಮೊದಲು ಹೇಳುವುದಿಲ್ಲ. ಟೆಕ್ಸಸ್‌ನಲ್ಲಿ ಎನ್‌ಪಿ ಔಷಧಿ ಬರೆಯಬೇಕಾದರೆ ಡಾಕ್ಟರ್ ಜೊತೆ ಲಿಖಿತ ಒಪ್ಪಂದ ಇರಬೇಕು. ಹೈಡ್ರೊಕೊಡೋನ್ ಥರದ, ಬಿಗಿ ನಿಯಂತ್ರಣ ಇರುವ ಶೆಡ್ಯೂಲ್ ಎರಡರ ಔಷಧಿಯನ್ನಂತೂ ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರಿಗೆ, ಎಮರ್ಜೆನ್ಸಿಗೆ ಬಂದವರಿಗೆ, ಕೊನೆಗಾಲದ ಆರೈಕೆಯ ಹಾಸ್ಪಿಸ್‌ನಲ್ಲಿರುವವರಿಗೆ ಬಿಟ್ಟರೆ ಬರೆಯುವ ಹಾಗಿಲ್ಲ. ನ್ಯೂ ಮೆಕ್ಸಿಕೊ ಗಡಿ ದಾಟಿದರೆ ಕಥೆ ಬೇರೆ, ಅಲ್ಲಿ ಡಾಕ್ಟರ್ ಒಪ್ಪಂದವೇ ಬೇಡ. ಗಡಿಯ ಆಚೆ ಈಚೆ ಇರುವುದು ಅದೇ ಎಫ್‌ಎನ್‌ಪಿ, ಅದೇ ಪರೀಕ್ಷೆ. ಆದರೆ ಗಮನಿಸಿ, ನ್ಯೂ ಮೆಕ್ಸಿಕೊದ ಸ್ವಾತಂತ್ರ್ಯ ನಿಮ್ಮನ್ನು ಅಕ್ಯೂಟ್ ಕೇರ್ ಎನ್‌ಪಿ ಮಾಡುವುದಿಲ್ಲ. ಒಬ್ಬರೇ ಪ್ರಾಕ್ಟೀಸ್ ಮಾಡಬಹುದಾ ಅನ್ನುವುದು ಒಂದು ಪ್ರಶ್ನೆ, ಯಾರನ್ನು ನೋಡಲು ಕಲಿತಿದ್ದೀರಿ ಅನ್ನುವುದು ಇನ್ನೊಂದು. ಇವೆರಡನ್ನು ಕಲಸಿ ಮಾತಾಡುವವರು ತುಂಬಾ ಜನ.

ಪರೀಕ್ಷೆಗಳ ವಿಚಾರ ಬೇಗ ಮುಗಿಸುತ್ತೇನೆ, ಯಾಕೆಂದರೆ ಇಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಕಡಿಮೆ. ಎಫ್‌ಎನ್‌ಪಿಗೆ ಎಎನ್‌ಸಿಸಿ, ಎಎಎನ್‌ಪಿಸಿಬಿ ಎಂಬ ಎರಡು ಸಂಸ್ಥೆಗಳು ಪರೀಕ್ಷೆ ನಡೆಸುತ್ತವೆ. ಒಂದು ಪಾಸಾದರೆ ಸಾಕು. ಒಬ್ಬರ ಹೆಸರಿನ ಮುಂದೆ ‘ಬಿಸಿ’ (BC), ಇನ್ನೊಬ್ಬರದರ ಮುಂದೆ ಬರೀ ‘ಸಿ’ (C) ಇರುವುದು ಅದಕ್ಕೇ, ಮೇಲು ಕೀಳು ಇಲ್ಲ. ದೊಡ್ಡವರ ಅಕ್ಯೂಟ್ ಕೇರ್‌ಗೆ ಎಎನ್‌ಸಿಸಿಯ ಪರೀಕ್ಷೆ ಇದೆ, ಕ್ರಿಟಿಕಲ್ ಕೇರ್ ನರ್ಸ್‌ಗಳ ಸಂಘ ಎಎಸಿಎನ್ ನಡೆಸುವುದೂ ಇದೆ. ನರ್ಸಿಂಗ್ ಕಾಲೇಜುಗಳ ಸಂಘಕ್ಕೂ ಎಎಸಿಎನ್ ಅಂತಲೇ ಹೆಸರು, ಗೊಂದಲ ಮಾಡಿಕೊಳ್ಳಬೇಡಿ. ಮಕ್ಕಳಿಗೆ ಪಿಎನ್‌ಸಿಬಿ, ನವಜಾತ ಶಿಶುಗಳಿಗೆ ಮತ್ತು ಹೆಣ್ಣುಮಕ್ಕಳ ಆರೋಗ್ಯಕ್ಕೆ ಎನ್‌ಸಿಸಿ. ಎಎನ್‌ಸಿಸಿ, ಎಎಎನ್‌ಪಿಸಿಬಿ, ಎಎಸಿಎನ್ ಸರ್ಟಿಫಿಕೇಷನ್‌ಗಳನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಉಳಿದವಕ್ಕೆ ಅವಧಿ ಬೇರೆ. ಯಾವ ಗುಂಪಿಗೆ ಓದಿದ್ದೀರೋ ಆ ಗುಂಪಿನ ಪರೀಕ್ಷೆಗೆ ಮಾತ್ರ ಕೂರಿಸುತ್ತಾರೆ. ಎಫ್‌ಎನ್‌ಪಿ ಓದಿ, ಚೆನ್ನಾಗಿ ಬಾಯಿಪಾಠ ಮಾಡಿ ಅಕ್ಯೂಟ್ ಕೇರ್ ಪರೀಕ್ಷೆ ಬರೆದುಬಿಡುತ್ತೇನೆ ಅಂದರೆ ಅರ್ಜಿ ಹಂತದಲ್ಲೇ ವಾಪಸ್ ಬರುತ್ತದೆ.

ಹಾಗಾದರೆ ‘ಸ್ಪೆಷಾಲಿಟಿ ಸರ್ಟಿಫಿಕೇಟ್’ ಅಂತಾರಲ್ಲ, ಅದೇನು? ಅದು ಈ ಬುನಾದಿಯ ಮೇಲೆ ಕಟ್ಟುವ ಮಹಡಿ. ಕ್ಯಾನ್ಸರ್ ಎನ್‌ಪಿಗಳಿಗೆ, ಚರ್ಮ ರೋಗದ ಎನ್‌ಪಿಗಳಿಗೆ ಅಂಥವು ಇವೆ. ಸಾಮಾನ್ಯವಾಗಿ ಬೋರ್ಡ್ ಅದನ್ನು ಕಡ್ಡಾಯ ಅನ್ನುವುದಿಲ್ಲ, ಕೆಲಸ ಕೊಡುವವರು ಕೇಳಬಹುದು. ಅದರಿಂದ ನಿಮ್ಮ ಜ್ಞಾನ ಗಟ್ಟಿಯಾಗುತ್ತದೆ. ವ್ಯಾಪ್ತಿ ಮಾತ್ರ ಒಂದಿಂಚೂ ಅಗಲ ಆಗುವುದಿಲ್ಲ. ದೊಡ್ಡವರ ಎನ್‌ಪಿ ಕ್ಯಾನ್ಸರ್ ಸರ್ಟಿಫಿಕೇಟ್ ತಗೊಂಡರೂ ಆರು ವರ್ಷದ ಲ್ಯುಕೇಮಿಯಾ ಮಗುವನ್ನು ನೋಡುವ ಹಾಗಿಲ್ಲ.

ಎಲ್ಲಕ್ಕಿಂತ ಜಾಸ್ತಿ ಕಲಸುಮೇಲೋಗರ ಇರುವುದು ಎಮರ್ಜೆನ್ಸಿಯಲ್ಲಿ. ಅಲ್ಲಿಗೆ ಕಿವಿನೋವಿನ ಮೂರು ವರ್ಷದ ಮಗುವೂ ಬರುತ್ತದೆ, ಎದೆ ಹಿಡಿದುಕೊಂಡ ಎಪ್ಪತ್ತರ ಅಜ್ಜನೂ ಬರುತ್ತಾರೆ. ಎಫ್‌ಎನ್‌ಪಿ ಇಬ್ಬರ ವಯಸ್ಸಿಗೂ ಸರಿ, ಆದರೆ ಅಜ್ಜ ಕುಸಿದು ಬಿದ್ದರೆ ಎಫ್‌ಎನ್‌ಪಿ ಓದು ಅಲ್ಲಿಗೆ ಮುಗಿಯುತ್ತದೆ. ಅಕ್ಯೂಟ್ ಕೇರ್ ಎನ್‌ಪಿ ಅಜ್ಜನಿಗೆ ಸರಿ, ಮಗುವನ್ನು ಮುಟ್ಟುವ ಹಾಗಿಲ್ಲ. ಈ ಸಂದಿಗಾಗಿ ಎಮರ್ಜೆನ್ಸಿ ಎನ್‌ಪಿ ಅನ್ನುವ ಪರೀಕ್ಷೆ ಬಂದಿದೆ. ಅದಕ್ಕೆ ಎಫ್‌ಎನ್‌ಪಿ ಸರ್ಟಿಫಿಕೇಷನ್ ಮೊದಲೇ ಇರಬೇಕು. ಅರ್ಹತೆಯ ಒಂದು ದಾರಿಯಲ್ಲಿ 2000 ಗಂಟೆ ಎಮರ್ಜೆನ್ಸಿ ಕೆಲಸವನ್ನೂ ತೋರಿಸಬೇಕು. ಕೆಲವರು ಎಫ್‌ಎನ್‌ಪಿ, ಅಕ್ಯೂಟ್ ಕೇರ್ ಎರಡೂ ಮಾಡಿಕೊಳ್ಳುತ್ತಾರೆ. ನನ್ನ ಕೇಳಿದರೆ, ಎಮರ್ಜೆನ್ಸಿಯೇ ಬದುಕು ಅನ್ನುವವರಿಗೆ ಮಾತ್ರ ಅಷ್ಟು ಕಷ್ಟ ಬೇಕು. ನೀವು ಆ ಕಡೆ ನೋಡುತ್ತಿಲ್ಲ, ಬಿಡಿ.

ನಿಮಗೆ ನಾನು ಹೇಳುವುದು ಇಷ್ಟು. ಹೃದಯದ ತೀವ್ರ ಪೇಷೆಂಟ್‌ಗಳೇ ನಿಮಗೆ ಇಷ್ಟ ಅನ್ನುವುದಾದರೆ ದೊಡ್ಡವರ ಅಕ್ಯೂಟ್ ಕೇರ್ ಓದಿ. ಅದನ್ನು ಓದಿದರೆ ಐಸಿಯು, ಸ್ಟೆಪ್‌ಡೌನ್, ಆಸ್ಪತ್ರೆಯ ಕನ್ಸಲ್ಟ್ ತಂಡ ಎಲ್ಲಾ ತೆರೆದಿರುತ್ತದೆ. ಕಾರ್ಡಿಯಾಲಜಿ ಕ್ಲಿನಿಕ್‌ನಲ್ಲೂ ಕೂರಬಹುದು, ಜಟಿಲವಾದ ಹೃದಯ ಕಾಯಿಲೆಯವರು ಅಕ್ಯೂಟ್ ಕೇರ್ ಓದಿನ ಒಳಗೇ ಬರುತ್ತಾರೆ. ಆದರೆ ಅದೇ ಪೇಷೆಂಟ್‌ಗೆ ವರ್ಷದ ಚೆಕಪ್, ಲಸಿಕೆ, ಪ್ಯಾಪ್ ಟೆಸ್ಟ್, ಮೊಣಕಾಲು ನೋವು ಅಂತ ಫ್ಯಾಮಿಲಿ ಡಾಕ್ಟರ್ ಕೆಲಸ ಮಾಡುವ ಹಾಗಿಲ್ಲ. ಮಕ್ಕಳಂತೂ ಇಲ್ಲವೇ ಇಲ್ಲ. ಚಿಕ್ಕ ಊರಿಗೆ ಹೋಗಿ ನೆಲೆಸುವ ಯೋಚನೆ ಇದ್ದರೆ ಇದು ಕೈ ಕಟ್ಟುತ್ತದೆ.

ನೀವು ಪತ್ರದಲ್ಲಿ ‘ನೈಟ್ ಶಿಫ್ಟ್’ ಅಂತ ಬರೆದದ್ದನ್ನು ನಾನು ಎರಡು ಸಲ ಓದಿದೆ. ನಿಜವಾದ ಆಸೆ ರಾತ್ರಿ ಕೆಲಸ ಬಿಡುವುದಾ? ಮನೆಯಲ್ಲಿ ಮಕ್ಕಳು ಚಿಕ್ಕವರಾ? ಹಾಗಿದ್ದರೆ ಅಕ್ಯೂಟ್ ಕೇರ್ ಮಾಡಿ ಮತ್ತೆ ರಾತ್ರಿ ಹನ್ನೆರಡು ಗಂಟೆಗಳ ಶಿಫ್ಟ್‌ಗೇ ಬರುವ ಸಾಧ್ಯತೆ ಇದೆ, ಹೊಸಬರಿಗೆ ಸಿಗುವುದು ಸಾಮಾನ್ಯವಾಗಿ ಅದೇ. ಆಗ ಎಫ್‌ಎನ್‌ಪಿ ಅಥವಾ ದೊಡ್ಡವರ ಪ್ರೈಮರಿ ಕೇರ್ ಓದಿ, ಹಾರ್ಟ್ ಫೇಲ್ಯೂರ್ ಕ್ಲಿನಿಕ್, ಪೇಸ್‌ಮೇಕರ್ ಕ್ಲಿನಿಕ್ ಕಡೆ ಹೋಗುವುದು ಜಾಣತನ. ಐಸಿಯು ನರ್ಸ್ ಎಫ್‌ಎನ್‌ಪಿ ಓದಿದರೆ ತಪ್ಪೇನಿಲ್ಲ. ಎಫ್‌ಎನ್‌ಪಿ ಓದಿ ಐಸಿಯುಗೇ ವಾಪಸ್ ಹೋಗುತ್ತೇನೆ ಅಂದುಕೊಂಡರೆ ತಪ್ಪು. ಇನ್ನೊಂದು ಲೆಕ್ಕವೂ ನೋಡಿ. ಅಮೆರಿಕದ ಹತ್ತು ಎನ್‌ಪಿಗಳಲ್ಲಿ ಸುಮಾರು ಏಳು ಮಂದಿ ಎಫ್‌ಎನ್‌ಪಿ ಸರ್ಟಿಫಿಕೇಷನ್ ಇರುವವರು. ಕೆಲಸಗಳೂ ಜಾಸ್ತಿ, ಸಾಲಿನಲ್ಲಿ ನಿಂತವರೂ ಜಾಸ್ತಿ.

ಇನ್ನು ನಿಮ್ಮನೆಯವರು ಹೇಳಿದ ಆನ್‌ಲೈನ್ ವಿಷಯ. ಪಾಠ ಆನ್‌ಲೈನ್‌ನಲ್ಲಿ ಆಗಬಹುದು, ಕ್ಲಿನಿಕಲ್ ಆಗುವುದಿಲ್ಲ. ಪರೀಕ್ಷೆ ಬರೆಯಲು ಕನಿಷ್ಠ 500 ಗಂಟೆ ಪೇಷೆಂಟ್ ಜೊತೆಗಿನ ಕಲಿಕೆ ಬೇಕು ಅನ್ನುವುದು ಬಹುಕಾಲದ ಲೆಕ್ಕ. 2022ರಲ್ಲಿ ಬಂದ ಎನ್‌ಪಿ ಶಿಕ್ಷಣದ ಹೊಸ ಮಾನದಂಡ ಅದನ್ನು 750ಕ್ಕೆ ಏರಿಸಿದೆ. ಈ ಗಂಟೆಗಳಿಗೆ ಪ್ರಿಸೆಪ್ಟರ್, ಅಂದರೆ ಕ್ಲಿನಿಕ್‌ನಲ್ಲಿ ಜೊತೆಗಿದ್ದು ಕಲಿಸುವವರನ್ನು, ಯಾರು ಹುಡುಕುತ್ತಾರೆ ಅಂತ ಕಾಲೇಜಿನವರನ್ನು ಸೇರುವ ಮೊದಲೇ ಕೇಳಿ. ‘ನೀವೇ ಹುಡುಕಿಕೊಳ್ಳಿ, ನಾವು ಸಹಾಯ ಮಾಡ್ತೀವಿ’ ಅಂದರೆ ಅದರ ಅರ್ಥ ನೀವೇ ಹುಡುಕಬೇಕು ಅಂತ. ನನ್ನ ವಿದ್ಯಾರ್ಥಿನಿ ಒಬ್ಬಳು ಲಂಚ್ ಬ್ರೇಕ್‌ನಲ್ಲಿ ಪಾರ್ಕಿಂಗ್‌ನಲ್ಲಿ ಕೂತು ನಲವತ್ತೊಂದು ಕ್ಲಿನಿಕ್‌ಗೆ ಫೋನ್ ಮಾಡಿದ್ದಳು. ಸಿಕ್ಕಿದ್ದು ಒಂದು, ಅದೂ ಮನೆಯಿಂದ ಒಂದೂವರೆ ಗಂಟೆ ದೂರ. ಜೊತೆಗೆ ಕಾಲೇಜಿಗೆ ಸಿಸಿಎನ್‌ಇ ಅಥವಾ ಎಸಿಇಎನ್ ಮಾನ್ಯತೆ ಇದೆಯಾ, ಬೇರೆ ರಾಜ್ಯದ ಕಾಲೇಜಾದರೆ ಟೆಕ್ಸಸ್ ಒಪ್ಪುತ್ತದಾ, ಟ್ರಾನ್ಸ್‌ಕ್ರಿಪ್ಟ್ ಮೇಲೆ ಪೇಷೆಂಟ್ ಗುಂಪಿನ ಹೆಸರು ಸ್ಪಷ್ಟವಾಗಿ ಬರುತ್ತದಾ, ಇಷ್ಟನ್ನು ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಅಕ್ಯೂಟ್ ಕೇರ್ ಆದರೆ ಗಂಟೆಗಳು ನಿಜವಾಗಿ ಐಸಿಯು, ವಾರ್ಡ್‌ಗಳಲ್ಲಿ ಆಗುತ್ತವಾ ಅಂತಲೂ.

ಈಗಾಗಲೇ ಎಫ್‌ಎನ್‌ಪಿ ಆಗಿ ತಪ್ಪು ಜಾಗದಲ್ಲಿ ಸಿಕ್ಕಿಕೊಂಡಿರುವ ನನ್ನಂಥವರಿಗೆ ದಾರಿ ಇಲ್ಲದೆ ಇಲ್ಲ. ಪೋಸ್ಟ್-ಗ್ರಾಜುಯೇಟ್ ಸರ್ಟಿಫಿಕೇಟ್ ಅಂತ ಇದೆ. ಪೂರ್ತಿ ಮಾಸ್ಟರ್ಸ್ ಮತ್ತೆ ಮಾಡಬೇಕಿಲ್ಲ. ಕಾಲೇಜಿನವರು ನಿಮ್ಮ ಹಳೆಯ ಟ್ರಾನ್ಸ್‌ಕ್ರಿಪ್ಟ್ ಒಂದು ಕಡೆ, ಹೊಸ ಕೋರ್ಸ್‌ನ ಪಟ್ಟಿ ಇನ್ನೊಂದು ಕಡೆ ಇಟ್ಟು ಏನು ಇದೆ ಏನು ಇಲ್ಲ ಅಂತ ಸಾಲು ಸಾಲಾಗಿ ಗುರುತು ಹಾಕುತ್ತಾರೆ. ಎನ್‌ಪಿ ಓದಿನಲ್ಲಿ ‘ಮೂರು ಪಿ’ ಅಂತ ಕರೆಯುವ ಪ್ಯಾಥೋಫಿಸಿಯಾಲಜಿ, ಫಾರ್ಮಕಾಲಜಿ, ಫಿಸಿಕಲ್ ಅಸೆಸ್‌ಮೆಂಟ್ ಸಾಮಾನ್ಯವಾಗಿ ಹಾಗೇ ಲೆಕ್ಕಕ್ಕೆ ಬರುತ್ತವೆ. ಹೊಸ ಪೇಷೆಂಟ್ ಗುಂಪಿನ ಪಾಠ ಮತ್ತು ಕ್ಲಿನಿಕಲ್ ಗಂಟೆ ಹೊಸದಾಗಿ ಮಾಡಲೇಬೇಕು. ನನಗೆ ಕೆಲಸದ ಜೊತೆ ಒಂದೂವರೆ ವರ್ಷ ಹಿಡಿಯಿತು.

ಕೆಲಸದ ಇಂಟರ್‌ವ್ಯೂಗೆ ಹೋದಾಗ ಸಂಬಳ ಕೇಳುವ ಮೊದಲು ಪ್ರಿವಿಲೆಜ್ ಫಾರಂ ತೋರಿಸಿ ಅಂತ ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ನೀವೂ ಹಿಂದೆ ಮುಂದೆ ನೋಡಿ.

ಇನ್ನು ನಿಮ್ಮ ತಂಗಿ. ಬೆಂಗಳೂರಿನ ಎಂಎಸ್ಸಿ ನರ್ಸಿಂಗ್ ಒಳ್ಳೆಯ ಓದು, ಆದರೆ ಅದು ಇಲ್ಲಿನ ಎನ್‌ಪಿ ಓದು ಅಲ್ಲ. ಸ್ಪೆಷಾಲಿಟಿ ಕಾರ್ಡಿಯಾಲಜಿಯೇ ಆಗಿದ್ದರೂ ಅಷ್ಟೇ. ಇಲ್ಲಿನ ಪರೀಕ್ಷಾ ಸಂಸ್ಥೆಗಳು ಅಮೆರಿಕದ ಮಾನ್ಯತೆ ಇರುವ ಎನ್‌ಪಿ ಕೋರ್ಸ್ ಮುಗಿಸಿದವರನ್ನೇ ಪರೀಕ್ಷೆಗೆ ಕೂರಿಸುವುದು. ನಮ್ಮಲ್ಲೂ ಎನ್‌ಪಿ ಅನ್ನುವ ಹೆಸರಿನ ಓದು ಬಂದಿದೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕ್ರಿಟಿಕಲ್ ಕೇರ್ ಎನ್‌ಪಿ ಅಂತ ಎರಡು ವರ್ಷದ ರೆಸಿಡೆನ್ಸಿ ಮಾಸ್ಟರ್ಸ್ ತಂದಿತು. 2018ರ ಕೇಂದ್ರದ ಮಾರ್ಗಸೂಚಿ ಪ್ರಕಾರ ಮಿಡ್‌ವೈಫರಿ ಎನ್‌ಪಿಗೆ 18 ತಿಂಗಳ ತರಬೇತಿಯೂ ಇದೆ. ಹೆಸರು ಒಂದೇ ಅಂತ ಅದನ್ನು ತಂದು ಟೆಕ್ಸಸ್‌ನಲ್ಲಿ ತೋರಿಸಿದರೆ ಎನ್‌ಪಿ ಲೈಸೆನ್ಸ್ ಸಿಗುವುದಿಲ್ಲ. ತಂಗಿಯೂ ನೀವು ಬಂದ ದಾರಿಯಲ್ಲೇ ಬರಬೇಕು: ಮೊದಲು ಎನ್‌ಕ್ಲೆಕ್ಸ್, ಆರ್‌ಎನ್ ಲೈಸೆನ್ಸ್, ಆಮೇಲೆ ಇಲ್ಲಿನ ಎನ್‌ಪಿ ಕೋರ್ಸ್. ಎನ್‌ಕ್ಲೆಕ್ಸ್ ಅನ್ನು ಬೆಂಗಳೂರಿನಲ್ಲೇ ಬರೆಯಬಹುದು. ಎಂಎಸ್ಸಿ ವ್ಯರ್ಥ ಅಂತ ಅವಳು ಬೇಜಾರು ಮಾಡಿಕೊಳ್ಳುವುದು ಬೇಡ, ಅಡ್ಮಿಷನ್ ಸಮಯದಲ್ಲಿ ಅದಕ್ಕೆ ಬೆಲೆ ಇದೆ.

ಒಂದು ಕೆಲಸ ಮಾತ್ರ ಈಗಲೇ ಮಾಡಲಿ. ಬಿಎಸ್ಸಿಯ ಸಿಲಬಸ್ ಪ್ರತಿ, ವಿಷಯವಾರು ಥಿಯರಿ ಮತ್ತು ಕ್ಲಿನಿಕಲ್ ಗಂಟೆಗಳ ಪತ್ರ, ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್ ಎಲ್ಲವನ್ನೂ ಊರಲ್ಲಿರುವಾಗಲೇ ಮಾಡಿಸಿಕೊಳ್ಳಲಿ. ಪ್ರಿನ್ಸಿಪಾಲರು ಬದಲಾದ ಮೇಲೆ, ಅವಳು ಡಲ್ಲಾಸ್‌ನಲ್ಲಿ ಕೂತು, ರಾತ್ರಿ ಎದ್ದು ಕಾಲೇಜ್ ಆಫೀಸಿಗೆ ಫೋನ್ ಮಾಡಿ ‘ನಾಳೆ ಮಾಡಿ’ ಅನ್ನಿಸಿಕೊಳ್ಳುವುದು ಬೇಡ.